ಕೋಟೆಯ ನೆರಳು, ದ್ರಾಕ್ಷಿಯ ಚಪ್ಪರ: ನಂದಿದುರ್ಗದ ತಪ್ಪಲಿಗೊಂದು ಪ್ರವಾಸ



ಇತಿಹಾಸದ ಉಪನ್ಯಾಸವೆಂದೊಡನೆ ರಾಜವಂಶಗಳ ಪಟ್ಟಿಯನ್ನೂ ಯುದ್ಧಗಳ ತಾರೀಖುಗಳನ್ನೂ ನಿರೀಕ್ಷಿಸುವುದು ಸಹಜ. ಇಂದು ನಾನು ಆರಿಸಿಕೊಂಡಿರುವ ವಿಷಯದಲ್ಲಿ ಅವೆಲ್ಲವೂ ಸ್ವಲ್ಪ ಸ್ವಲ್ಪ ಬರುತ್ತವೆಯಾದರೂ ಅದರ ಮೂಲ ಒಂದು ಸರಳವಾದ ಪ್ರಶ್ನೆಯಲ್ಲಿದೆ. ವರ್ಷಕ್ಕೊಮ್ಮೆ ರಜೆ ಪಡೆದು ಊರಿಗೆ ಹೋಗುವ ಕುಟುಂಬಗಳು ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬೇಕು, ಅವರಿಗೆ ಏನನ್ನು ತೋರಿಸಬೇಕು? ಬಂಧುಗಳ ಮನೆ, ಮದುವೆ, ಕುಲದೇವರ ದರ್ಶನ ಮುಗಿದ ಮೇಲೆ ಉಳಿಯುವ ನಾಲ್ಕೈದು ದಿನಗಳು ಬಹುಮಟ್ಟಿಗೆ ಅಂಗಡಿ ಬೀದಿಗಳಲ್ಲಿಯೇ ಕಳೆದುಹೋಗುತ್ತವೆ. ದುಬೈಯಲ್ಲಿ ಬೆಳೆದ ಮಗುವಿಗೆ ಬೆಂಗಳೂರಿನ ಮಾಲುಗಳನ್ನು ತೋರಿಸುವುದರಿಂದ ಯಾವ ಲಾಭವೂ ಇಲ್ಲವೆಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಅಮೆರಿಕದ ಪ್ರವಾಸ ಮುಗಿಸಿ ಬಂದವರು ಕ್ಯಾಲಿಫೋರ್ನಿಯದ ನಾಪಾ ಕಣಿವೆಯ ಒಂದು ಕೋಟೆಯ ವಿಷಯವನ್ನು ಹೇಳುವುದುಂಟು. ಕ್ಯಾಲಿಸ್ಟೋಗ ಎಂಬ ಪುಟ್ಟ ಊರಿನ ಬಳಿ ಇರುವ ಆ ಕೋಟೆಯ ಹೆಸರು ಕಾಸ್ಟೆಲ್ಲೋ ದಿ ಅಮೊರೋಸ. ಇಟಲಿಯ ಟಸ್ಕನಿ ಪ್ರಾಂತದ ಹದಿಮೂರನೆಯ ಶತಮಾನದ ಕೋಟೆಗಳ ಮಾದರಿಯಲ್ಲಿ ಕಟ್ಟಿರುವ ಅದರಲ್ಲಿ 107 ಕೋಣೆಗಳಿವೆ. ಕಂದಕವಿದೆ, ಬುರುಜುಗಳಿವೆ, ನೆಲಮಾಳಿಗೆಯಲ್ಲಿ ದ್ರಾಕ್ಷಾರಸದ ಪೀಪಾಯಿಗಳ ಸಾಲುಗಳಿವೆ. ಆದರೆ ಅದು ಹದಿಮೂರನೆಯ ಶತಮಾನದ ಕೋಟೆಯಲ್ಲ. ಡಾರಿಯೊ ಸತ್ತೂಯಿ ಎಂಬ ದ್ರಾಕ್ಷಾರಸ ವ್ಯಾಪಾರಿ ಯೂರೋಪಿನಿಂದ ಹಳೆಯ ಇಟ್ಟಿಗೆಗಳನ್ನು ತರಿಸಿ, ಹಲವಾರು ವರ್ಷ ದುಡಿಸಿ ಕಟ್ಟಿಸಿದ ಆ ಕಟ್ಟಡ ಸಾರ್ವಜನಿಕರಿಗೆ ತೆರೆದದ್ದು 2007ರಲ್ಲಿ. ಕೆಲಸ ಅಚ್ಚುಕಟ್ಟಾಗಿದೆ, ಅದನ್ನು ಹಳಿಯುವ ಇಚ್ಛೆ ನನಗಿಲ್ಲ. ಆದರೂ ಅದರ ಗೋಡೆಯನ್ನು ಯಾವ ಶತ್ರುವೂ ಏರಲಿಲ್ಲ, ಅದರ ನೆರಳಿನಲ್ಲಿ ಯಾವ ರೈತನೂ ಆಶ್ರಯ ಪಡೆಯಲಿಲ್ಲ. ದ್ರಾಕ್ಷಾರಸದ ಮಾರಾಟಕ್ಕೆ ಪ್ರಾಚೀನತೆಯ ಮೆರುಗು ಬೇಕಾಯಿತು. ಅದಕ್ಕಾಗಿ ಕೋಟೆ ಬಂದಿತು. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿಯೂ ಸೀಸೆಗಳ ಮೇಲೆ ‘ಶಾಟೋ’, ಎಂದರೆ ಕೋಟೆಮನೆ, ಎಂಬ ಹೆಸರಿರುತ್ತದೆ. ಅವುಗಳಲ್ಲಿ ಎಷ್ಟೋ ತೋಟಗಳಲ್ಲಿ ಸಾಧಾರಣವಾದ ಒಂದು ತೋಟದ ಮನೆಯಲ್ಲದೆ ಬೇರೇನೂ ಇರುವುದಿಲ್ಲ.

ನಾನು ಹೇಳಬಯಸುವುದು ಇಷ್ಟೆ: ನಿಜವಾದ ಕೋಟೆಯೂ ನಿಜವಾದ ದ್ರಾಕ್ಷಿಯ ತೋಟವೂ ಒಂದರ ಪಕ್ಕದಲ್ಲಿ ಒಂದಿರುವ ಸ್ಥಳವೊಂದು ನಮ್ಮ ನಾಡಿನಲ್ಲಿಯೇ ಇದೆ. ನೀವು ಊರಿಗೆ ಹೋಗುವಾಗ ವಿಮಾನ ಇಳಿಯುವುದೇ ಆ ಸೀಮೆಯಲ್ಲಿ. ಆದರೆ ಅಲ್ಲಿಗೆ ಹೋಗುವ ಮೊದಲು, ನೀವು ವಾಸವಾಗಿರುವ ಈ ನಾಡಿನ ಒಂದು ಕೋಟೆಯ ಬಾಗಿಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಅಲ್ ಐನ್‌ನ ಪಾಠ

ಅಲ್ ಐನ್‌ನ ಅಲ್ ಜಾಹಿಲಿ ಕೋಟೆಯನ್ನು ನಿಮ್ಮಲ್ಲಿ ಬಹುಮಂದಿ ನೋಡಿರಬಹುದು. ಮೊದಲನೆಯ ಝಾಯೆದ್ ಎಂದು ಪ್ರಸಿದ್ಧರಾದ ಶೇಖ್ ಝಾಯೆದ್ ಬಿನ್ ಖಲೀಫಾ ಅವರ ಕಾಲದಲ್ಲಿ, 1890ರ ದಶಕದಲ್ಲಿ, ಮಣ್ಣಿನ ಇಟ್ಟಿಗೆಯಿಂದ ಕಟ್ಟಿದ ಕೋಟೆ ಅದು. ಬೇಸಿಗೆಯ ವಾಸಕ್ಕೂ ಆಡಳಿತಕ್ಕೂ ಅದು ಒದಗಿತು. ಅದಕ್ಕಿಂತ ಮುಖ್ಯವಾಗಿ, ಸುತ್ತಲಿನ ಖರ್ಜೂರದ ತೋಟಗಳನ್ನು ಕಾಯುವುದು ಅದರ ಕೆಲಸವಾಗಿತ್ತು. ಆ ತೋಟಗಳಿಗೆ ಜೀವ ಬಂದದ್ದು ಫಲಜ್ ಎಂಬ ನೆಲದಡಿಯ ಕಾಲುವೆಗಳಿಂದ. ಅಲ್ ಐನ್‌ನ ಬಳಿಯ ಹೀಲಿಯಲ್ಲಿ ದೊರೆತಿರುವ ಫಲಜ್ ಸುಮಾರು ಮೂರು ಸಾವಿರ ವರ್ಷಗಳಷ್ಟು ಹಳೆಯದು. 1946ರಲ್ಲಿ ಅಲ್ ಐನ್‌ನ ಆಡಳಿತವನ್ನು ವಹಿಸಿಕೊಂಡ ಶೇಖ್ ಝಾಯೆದ್ ಬಿನ್ ಸುಲ್ತಾನ್ ಅವರು, ಎಂದರೆ ಮುಂದೆ ಈ ಸಂಯುಕ್ತ ರಾಷ್ಟ್ರದ ಸ್ಥಾಪಕರಾದವರು, ಮೊದಲು ಕೈಹಾಕಿದ ಕೆಲಸಗಳಲ್ಲಿ ಹೂಳು ತುಂಬಿದ ಫಲಜ್‌ಗಳನ್ನು ತೆಗೆಸುವುದೂ, ನೀರು ಉಳ್ಳವರಿಗಷ್ಟೇ ಅಲ್ಲದೆ ಬಡ ತೋಟಗಾರರಿಗೂ ದಕ್ಕುವಂತೆ ಮಾಡುವುದೂ ಸೇರಿತ್ತು. 2011ರಲ್ಲಿ ಯುನೆಸ್ಕೊ ಅಲ್ ಐನ್‌ನ ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕೋಟೆ, ತೋಟ, ಕಾಲುವೆ ಮೂರನ್ನೂ ಒಟ್ಟಿಗೆ ಗಣಿಸಿತು.

ಇದೇ ಇಂದಿನ ನನ್ನ ಮಾತಿನ ಸೂತ್ರ. ಕೋಟೆ ಇರುವುದು ತೋಟವನ್ನು ಕಾಯಲು. ತೋಟ ಇರುವುದು ನೀರಿನಿಂದ. ಈ ಮೂರರಲ್ಲಿ ಒಂದು ಹೋದರೆ ಉಳಿದೆರಡು ಕೇವಲ ನೋಟದ ವಸ್ತುಗಳಾಗುತ್ತವೆ.

ಕಡಲ ದಾರಿಯಲ್ಲಿ ದ್ರಾಕ್ಷಿ

ಈ ಮರಳುನಾಡಿಗೂ ದ್ರಾಕ್ಷಾರಸಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಇತಿಹಾಸ ಕೊಡುವ ಉತ್ತರ ಆಶ್ಚರ್ಯಕರವಾಗಿದೆ. ಕ್ರಿ.ಶ. ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ ‘ಪೆರಿಪ್ಲಸ್’ ಎಂಬ ನಾವಿಕರ ಕೈಪಿಡಿ, ಈ ಕೊಲ್ಲಿಯ ಒಮ್ಮಾನ ಮುಂತಾದ ಬಂದರುಗಳಿಂದ ಗುಜರಾತಿನ ಭರೂಚಿಗೆ ಹೋಗುತ್ತಿದ್ದ ಸರಕುಗಳನ್ನು ಪಟ್ಟಿಮಾಡುತ್ತದೆ. ಮುತ್ತು, ಬಟ್ಟೆ ಮತ್ತು ಬಂಗಾರದ ಜೊತೆಗೆ ಖರ್ಜೂರವೂ ದ್ರಾಕ್ಷಾರಸವೂ ಅದರಲ್ಲಿವೆ. ಆ ಒಮ್ಮಾನವು ಇಂದಿನ ಉಮ್ಮ್ ಅಲ್ ಕುವೈನ್‌ನಲ್ಲಿರುವ ಎದ್ ದೂರ್ ಎಂಬ ಅವಶೇಷಗಳ ತಾಣವೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಶಾರ್ಜಾದ ಮ್ಲೇಹಾದಲ್ಲಿ ನಡೆದ ಉತ್ಖನನಗಳಲ್ಲಿ ಗ್ರೀಸಿನ ರೋಡ್ಸ್ ದ್ವೀಪದ ಮುದ್ರೆಯುಳ್ಳ ದ್ರಾಕ್ಷಾರಸದ ಜಾಡಿಗಳ ಹಿಡಿಕೆಗಳು ದೊರೆತಿವೆ. ಅಂದರೆ ಇಸ್ಲಾಂ ಧರ್ಮದ ಉದಯಕ್ಕೆ ಶತಮಾನಗಳ ಮೊದಲು ಈ ತೀರ ದ್ರಾಕ್ಷಾರಸವನ್ನು ಕೊಳ್ಳುತ್ತಲೂ ಇತ್ತು, ಭಾರತಕ್ಕೆ ಕಳುಹಿಸುತ್ತಲೂ ಇತ್ತು.

ಭಾರತದಲ್ಲಿ ದ್ರಾಕ್ಷಾರಸ ಬಹುಕಾಲ ಹೊರಗಿನಿಂದ ಬರುವ ದುಬಾರಿ ವಸ್ತುವಾಗಿತ್ತು. ಕೌಟಿಲ್ಯನ ಅರ್ಥಶಾಸ್ತ್ರ ದ್ರಾಕ್ಷಿಯಿಂದ ಮಾಡಿದ ಮದ್ಯವನ್ನು ‘ಮಧು’ ಎಂದು ಕರೆದು, ಅದರ ಬಗೆಗಳನ್ನು ಕಾಪಿಶಾಯನ, ಹಾರಹೂರಕ ಎಂದು ಹುಟ್ಟಿದ ದೇಶಗಳ ಹೆಸರಿನಿಂದಲೇ ಗುರುತಿಸುತ್ತದೆ. ಕಾಪಿಶಿ ಇಂದಿನ ಅಫಘಾನಿಸ್ತಾನದಲ್ಲಿದೆ. ಬಳ್ಳಿ ದಕ್ಷಿಣಕ್ಕೆ ಇಳಿದು ಬಂದ ಮೇಲೆ ಅದರ ಮೊದಲ ಸ್ಪಷ್ಟ ಚಿತ್ರಗಳಲ್ಲಿ ಒಂದು ದೊರೆಯುವುದೂ ಒಂದು ಕೋಟೆಯ ಬಳಿಯೇ. ಯಾದವರ ದೇವಗಿರಿ ದೌಲತಾಬಾದ್ ಆದ ಮೇಲೆ, ಹದಿನಾಲ್ಕನೆಯ ಶತಮಾನದಲ್ಲಿ, ಅಲ್ಲಿಗೆ ಬಂದ ಪ್ರವಾಸಿ ಇಬ್ನ್ ಬತೂತಾ, ಅಲ್ಲಿ ದ್ರಾಕ್ಷಿ ಮತ್ತು ದಾಳಿಂಬೆ ವರ್ಷಕ್ಕೆರಡು ಬಾರಿ ಫಲ ಕೊಡುತ್ತವೆಂದು ಬರೆದಿಟ್ಟಿದ್ದಾನೆ. ಇದೇ ಇಬ್ನ್ ಬತೂತಾ ಮುಂದೆ ನಮ್ಮ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನೂ ಕಂಡವನು.

ವರ್ಷಕ್ಕೆರಡು ಬೆಳೆ ಎಂಬ ಅವನ ಮಾತು ಅತಿಶಯೋಕ್ತಿಯಲ್ಲ. ಚಳಿದೇಶಗಳಲ್ಲಿ ಹಿಮಗಾಲದಲ್ಲಿ ಬಳ್ಳಿ ಎಲೆಯುದುರಿಸಿ ಮಲಗುತ್ತದೆ. ವರ್ಷಕ್ಕೆ ಒಂದೇ ಫಸಲು. ನಮ್ಮ ಬಿಸಿಲು ನಾಡಿನಲ್ಲಿ ಬಳ್ಳಿಗೆ ನಿದ್ರೆಯೇ ಇಲ್ಲ. ಆದ್ದರಿಂದ ರೈತನೇ ಕತ್ತರಿ ಹಿಡಿದು ಅದಕ್ಕೆ ಋತುವನ್ನು ಕಲಿಸಬೇಕಾಗುತ್ತದೆ. ವಿಜಯಪುರದ ಕಡೆ ಇದಕ್ಕೆ ‘ಚಾಟ್ನಿ’ ಎನ್ನುತ್ತಾರೆ. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸಲು, ಅಕ್ಟೋಬರ್ ಚಾಟ್ನಿ ಹಣ್ಣು ಬಿಡಿಸಲು. ಹೀಗೆ ಎರಡು ಬಾರಿ ಸವರಿ ಒಂದೇ ಒಳ್ಳೆಯ ಫಸಲು ತೆಗೆಯುವ ಕ್ರಮ ಅಲ್ಲಿಯದು. ಬೆಂಗಳೂರು ಸೀಮೆಯ ತಂಪು ಹವೆಯಲ್ಲಿ ಎರಡು ಫಸಲು ತೆಗೆಯುವುದೂ ಉಂಟು.

1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಪೇಟೆಯ ಬೆಲೆಗಳನ್ನು ಗುರುತು ಹಾಕಿಕೊಂಡಿದ್ದಾನೆ. ಒಂದು ಹಣಕ್ಕೆ ಹತ್ತು ದಾಳಿಂಬೆ ಬರುತ್ತಿದ್ದರೆ ದ್ರಾಕ್ಷಿ ಬರುತ್ತಿದ್ದುದು ಮೂರೇ ಗೊಂಚಲು. ಹಂಪೆಯ ಪೇಟೆಯಲ್ಲಿ ದ್ರಾಕ್ಷಿ ಸಿಗುತ್ತಿತ್ತು, ಆದರೆ ಅದು ಎಲ್ಲರ ಹಣ್ಣಾಗಿರಲಿಲ್ಲ ಎಂದು ಈ ಲೆಕ್ಕದಿಂದ ಊಹಿಸಬಹುದು. ಸುಲಭವಾಗಿ ರಸ ಕೊಡುವ ಕಾವ್ಯಶೈಲಿಗೆ ನಮ್ಮ ಪಂಡಿತರು ‘ದ್ರಾಕ್ಷಾಪಾಕ’ವೆಂದು ಹೆಸರಿಟ್ಟರು; ಆ ಹಣ್ಣು ಮಾತ್ರ ಸಾಮಾನ್ಯನ ಕೈಗೆ ಅಷ್ಟು ಸುಲಭವಾಗಿ ಎಟುಕಿದ್ದು ಬಹುಕಾಲದ ನಂತರ.

ನಂದಿದುರ್ಗ

ಈಗ ನಂದಿಗೆ ಬರೋಣ. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ದೇವಾಲಯವಿದೆ. ಒಂಬತ್ತನೆಯ ಶತಮಾನದ ಆದಿಭಾಗದಿಂದಲೇ ಶಾಸನಗಳು ಅದನ್ನು ಉಲ್ಲೇಖಿಸುತ್ತವೆ. ಬಾಣರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದ ಅರಸರು, ಒಬ್ಬರಾದ ಮೇಲೊಬ್ಬರು ಇಲ್ಲಿ ತಮ್ಮ ಕೈಗುರುತನ್ನು ಬಿಟ್ಟಿದ್ದಾರೆ. ಮೆಟ್ಟಿಲುಗಳಿಂದ ಸುತ್ತುವರಿದ ಅದರ ಕಲ್ಯಾಣಿಯೊಂದನ್ನು ನೋಡಲಿಕ್ಕಾದರೂ ಅಲ್ಲಿಗೆ ಹೋಗಬೇಕು. ಕೆಳಗೆ ಭೋಗನಂದಿ, ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಬೆಟ್ಟದ ತಲೆಯ ಮೇಲೆ ಯೋಗನಂದಿ.

ಬೆಟ್ಟದ ಮೇಲಿನ ಕೋಟೆ ಚಿಕ್ಕಬಳ್ಳಾಪುರದ ಪಾಳೆಯಗಾರರ ಕೈಯಿಂದ ಹೈದರನಿಗೆ ಬಂದಿತು. ಹೈದರ್ ಮತ್ತು ಟಿಪ್ಪು ಅದನ್ನು ಬಲಪಡಿಸಿದರು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆಯ ಒಂದು ಭಾಗ ಅದಕ್ಕೆ ಮುತ್ತಿಗೆ ಹಾಕಿತು. ಕಡಿದಾದ ಬಂಡೆಯ ಮೇಲೆ ಫಿರಂಗಿಗಳನ್ನು ಎಳೆದು ತಂದು ಸುಮಾರು ಮೂರು ವಾರ ಗುಂಡು ಹಾರಿಸಿದ ಮೇಲೆ, 1791ರ ಅಕ್ಟೋಬರ್ 19ರ ರಾತ್ರಿ ಜನರಲ್ ಮೆಡೋಸ್‌ನ ನೇತೃತ್ವದಲ್ಲಿ ಲಗ್ಗೆ ನಡೆಯಿತು, ಕೋಟೆ ಬಿದ್ದಿತು. ಆ ಬಂಡೆಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದಾಗ, ಇದನ್ನು ಏರಿದವರ ಸಾಹಸಕ್ಕಿಂತ ಕಾದವರ ಸ್ಥೈರ್ಯ ದೊಡ್ಡದೋ ಚಿಕ್ಕದೋ ಎಂಬ ಪ್ರಶ್ನೆ ಮಕ್ಕಳಿಗೂ ಹೊಳೆಯುತ್ತದೆ. ಯುದ್ಧಗಳ ಕಾಲ ಮುಗಿದ ಮೇಲೆ ಕೋಟೆ ವಿಶ್ರಾಂತಿಧಾಮವಾಯಿತು. 1834ರಿಂದ 1861ರವರೆಗೆ ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆಯನ್ನು ಇಲ್ಲಿ ಕಳೆಯುತ್ತಿದ್ದ. 1986ರಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆದಾಗ ನೆರೆಹೊರೆಯ ರಾಷ್ಟ್ರಗಳ ನಾಯಕರೂ ಇದೇ ಬೆಟ್ಟಕ್ಕೆ ಬಂದಿದ್ದರು.

ಕೋಟೆ ಮತ್ತು ತೋಟದ ನಂತರ ನೀರು. ಅರ್ಕಾವತಿ ಹುಟ್ಟುವುದು ನಂದಿಯಲ್ಲಿ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳ ಮೂಲಗಳೂ ಈ ಬೆಟ್ಟಸಾಲಿನವೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಹರಿದುಬಂದದ್ದು ಇದೇ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ. ನಂದಿ ನಮ್ಮ ರಾಜಧಾನಿಯ ಫಲಜ್ ಆಗಿತ್ತೆಂದರೆ ತಪ್ಪಾಗದು.

ವಲಸೆ ಬಂದ ಬಳ್ಳಿ

ಈ ಬೆಟ್ಟಗಳ ಸುತ್ತಲಿನ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಕೆಂಪು ಮಣ್ಣಿನಲ್ಲಿ ಬೇರೂರಿದ ದ್ರಾಕ್ಷಿಗೆ ‘ಬೆಂಗಳೂರು ಬ್ಲೂ’ ಎಂದು ಹೆಸರು. ಚಿಕ್ಕ ಕಾಯಿ, ದಪ್ಪ ಸಿಪ್ಪೆ, ಒಳಗೆ ಬೀಜ, ಸಿಹಿಯೊಡನೆ ಹುಳಿ, ಮೂಗಿಗೆ ತಟ್ಟುವ ಗಾಢವಾದ ಪರಿಮಳ. ಬಾಲ್ಯದಲ್ಲಿ ತಿಂದವರು ಅದರ ವಾಸನೆಯನ್ನು ಮರೆಯಲಾರರು. ಇದಕ್ಕೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅಂದರೆ ಕಾನೂನಿನ ದೃಷ್ಟಿಯಲ್ಲಿ ಇದು ಬೆಂಗಳೂರು ಸೀಮೆಯ ಸ್ವಂತ ಆಸ್ತಿ.

ಸ್ವಾರಸ್ಯವೆಂದರೆ, ಈ ಬಳ್ಳಿ ಇಲ್ಲಿಯದಲ್ಲ. ಸಸ್ಯಶಾಸ್ತ್ರಜ್ಞರು ಇದನ್ನು ಅಮೆರಿಕ ಮೂಲದ ‘ಇಸಬೆಲ್ಲಾ’ ಎಂಬ ತಳಿಯೊಂದಿಗೆ ಗುರುತಿಸುತ್ತಾರೆ. ರೋಗಗಳನ್ನು ತಡೆದುಕೊಳ್ಳುವ ಗಟ್ಟಿಜಾತಿಯಾದ್ದರಿಂದ ಇತರ ತಳಿಗಳು ಸೋತ ಮಳೆಗಾಲದಲ್ಲಿಯೂ ಇದು ಉಳಿಯಿತು. ರೈತ ಅದಕ್ಕೆ ಕಲ್ಲಿನ ಕಂಬ ನೆಟ್ಟು ಚಪ್ಪರ ಹಾಕಿದ. ಮೂರು ನಾಲ್ಕು ತಲೆಮಾರುಗಳಲ್ಲಿ ಅದು ನಮ್ಮ ಊರಿನ ಹೆಸರನ್ನೇ ಪಡೆಯಿತು. ಅದೇ ಸೀಮೆಯಲ್ಲಿ ಬೆಳೆದ ಮತ್ತೊಂದು ತಳಿ ಹೈದರಾಬಾದಿನಿಂದ ಬಂದ ‘ಅನಬ್-ಎ-ಶಾಹಿ’. ಇಲ್ಲಿನ ಹಣ್ಣಿನಂಗಡಿಯಲ್ಲಿ ‘ಇನಬ್’ ಎಂಬ ಅರಬ್ಬಿ ಪದವನ್ನು ದಿನವೂ ಓದುವ ನಿಮ್ಮ ಮಕ್ಕಳಿಗೆ ಅದರ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ. ಇದರಿಂದಲೇ ಹುಟ್ಟಿದ್ದು ನಮ್ಮ ಮಾರುಕಟ್ಟೆಯ ‘ದಿಲ್‌ಖುಷ್’. ಹುಟ್ಟಿದ ನೆಲ ಒಂದು, ಹೆಸರು ಪಡೆದ ನೆಲ ಇನ್ನೊಂದು ಎಂಬುದು ಗಿಡಬಳ್ಳಿಗಳಲ್ಲಿ ಅಪರೂಪವಲ್ಲ. ಮನುಷ್ಯರ ವಿಷಯವನ್ನು ನಿಮ್ಮೆದುರು ನಾನು ವಿವರಿಸಬೇಕಾಗಿಲ್ಲ.

ದ್ರಾಕ್ಷಾರಸಕ್ಕೇ ಮೀಸಲಾದ ಯೂರೋಪಿನ ತಳಿಗಳು ನಂದಿಯ ತಪ್ಪಲಿಗೆ ಬಂದದ್ದು ನಮ್ಮ ಕಾಲದಲ್ಲಿ. ಕನ್ವಲ್ ಗ್ರೋವರ್ ಎಂಬ ಮುಂಬಯಿಯ ಉದ್ಯಮಿ ವ್ಯಾಪಾರದ ನಿಮಿತ್ತ ಫ್ರಾನ್ಸಿಗೆ ಹೋಗಿಬರುತ್ತಿದ್ದವರು. ಶಾಂಪೇನ್ ಪ್ರಾಂತದ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಭಾರತದಲ್ಲಿ ಹಲವು ತಳಿಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, ಕೊನೆಗೆ ಆರಿಸಿಕೊಂಡದ್ದು ದೊಡ್ಡಬಳ್ಳಾಪುರದ ನೆಲವನ್ನು. ಸುಮಾರು ಮೂರು ಸಾವಿರ ಅಡಿ ಎತ್ತರ, ಹಗಲು ಬಿಸಿಲು, ರಾತ್ರಿ ತಂಪು, ನೀರು ನಿಲ್ಲದ ಕೆಂಪು ಮಣ್ಣು: ಇವು ಅದರ ಗುಣಗಳು. 1988ರಲ್ಲಿ ಗ್ರೋವರ್ ವೈನ್ಯಾರ್ಡ್ಸ್ ಸ್ಥಾಪನೆಯಾಯಿತು. ಬೋರ್ಡೋದ ಪ್ರಸಿದ್ಧ ತಜ್ಞ ಮಿಶೆಲ್ ರೋಲಾನ್ ಮುಂದೆ ಸಲಹೆಗಾರರಾದರು. ಕನ್ವಲ್ ಗ್ರೋವರ್ 2011ರಲ್ಲಿ ತೀರಿಕೊಂಡರು. ಮರುವರ್ಷ ನಾಸಿಕ್ ಸೀಮೆಯ ಮತ್ತೊಂದು ಸಂಸ್ಥೆಯೊಡನೆ ವಿಲೀನವಾಗಿ ಅದು ಗ್ರೋವರ್ ಝಂಪಾ ಎನಿಸಿತು.

ಇಲ್ಲಿ ಬುರುಜುಗಳಿಲ್ಲ, ಕಂದಕವಿಲ್ಲ. ಸಾಧಾರಣ ಕಟ್ಟಡ, ಉಕ್ಕಿನ ತೊಟ್ಟಿಗಳು, ಓಕ್ ಮರದ ಪೀಪಾಯಿಗಳು, ಸಾಲು ಸಾಲು ಬಳ್ಳಿಗಳು, ಅವುಗಳಾಚೆ ನಂದಿಯ ಬೆಟ್ಟಸಾಲು. ಕೋಟೆಯ ವೇಷವನ್ನು ಇಲ್ಲಿ ಯಾರೂ ಹಾಕಬೇಕಾಗಿಲ್ಲ; ಕೋಟೆ ಅಲ್ಲಿಯೇ ಇದೆ. ಈ ತೋಟದ ಪ್ರಸಿದ್ಧ ಕೆಂಪು ದ್ರಾಕ್ಷಾರಸದಲ್ಲಿ ಬೆರೆಯುವ ತಳಿಗಳಲ್ಲೊಂದರ ಹೆಸರು ‘ಶಿರಾಜ್’. ಈ ಕೊಲ್ಲಿಯ ಆಚೆ ದಡದ ಪರ್ಷಿಯದ ಶಿರಾಜ್ ನಗರದಿಂದ ಅದು ಯೂರೋಪಿಗೆ ಹೋಯಿತೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. 1990ರ ದಶಕದ ಕೊನೆಯಲ್ಲಿ ನಡೆದ ವಂಶವಾಹಿ ಪರೀಕ್ಷೆಗಳು ಅದು ಫ್ರಾನ್ಸಿನ ಎರಡು ಹಳೆಯ ತಳಿಗಳ ಸಂತಾನವೆಂದು ತೋರಿಸಿ ಆ ಕಥೆಗೆ ತೆರೆಯೆಳೆದವು.

ಒಂದೇ ವರ್ಷದ ಎರಡು ತೀರ್ಮಾನಗಳು

ಮದ್ಯದ ಮಾತು ಬಂದಾಗ ಸಂಸಾರವಂತರ ಸಭೆಯಲ್ಲಿ ಒಂದು ಸಂಕೋಚ ಮೂಡುವುದನ್ನು ನಾನು ಬಲ್ಲೆ. ಅದನ್ನು ಮರೆಮಾಚದೆ ಹೇಳುವುದೇ ಒಳ್ಳೆಯದು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಹಳ್ಳಿಹಳ್ಳಿಗಳಲ್ಲಿ ಹೆಂಗಸರು ಅನುಭವಿಸಿದ ಕಷ್ಟ ಆ ತೀರ್ಮಾನದ ಹಿಂದಿತ್ತು. ಅದೇ 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿ, ವೈನ್ ಮಂಡಳಿಯನ್ನೂ ಸ್ಥಾಪಿಸಿತು. ಒಂದು ಕೈ ಮುಚ್ಚಿದ ಬಾಗಿಲನ್ನು ಇನ್ನೊಂದು ಕೈ ಬೇರೆ ಕಡೆಯಿಂದ ತೆರೆಯಿತೆಂದು ಟೀಕಿಸಬಹುದು. ಹಣ್ಣು ಎರಡು ಮೂರು ದಿನದಲ್ಲಿ ಕೊಳೆಯುತ್ತದೆ, ದಲ್ಲಾಳಿ ಹೇಳಿದ ಬೆಲೆಗೆ ಕೊಡದೆ ವಿಧಿಯಿಲ್ಲ. ಸಂಸ್ಕರಣೆಗೆ ಕೊಳ್ಳುವವನೊಬ್ಬನಿದ್ದರೆ ಬದುಕಿಕೊಳ್ಳುತ್ತೇವೆ ಎಂಬುದು ದ್ರಾಕ್ಷಿ ಬೆಳೆಗಾರನ ವಾದ. ಇವೆರಡರಲ್ಲಿಯೂ ಸತ್ಯವಿದೆ. ಮಕ್ಕಳನ್ನು ತೋಟಕ್ಕೆ ಕರೆದೊಯ್ಯುವವರು ಈ ಎರಡು ಸತ್ಯಗಳನ್ನೂ ಅವರಿಗೆ ಹೇಳಬೇಕೆಂಬುದು ನನ್ನ ಅಭಿಪ್ರಾಯ. ವಿಜಯಪುರದ ರೈತ ಇದೇ ಸಮಸ್ಯೆಗೆ ಕಂಡುಕೊಂಡ ಇನ್ನೊಂದು ದಾರಿ ಒಣದ್ರಾಕ್ಷಿ. ನೆರಳಿನ ಗೂಡುಗಳಲ್ಲಿ ಒಣಗಿದ ಆ ಹಣ್ಣು ಕೊಳೆಯುವುದೂ ಇಲ್ಲ, ಯಾರ ಮನೆಯನ್ನೂ ಹಾಳುಮಾಡುವುದೂ ಇಲ್ಲ.

ಪ್ರವಾಸದ ಕ್ರಮ

ಇನ್ನು ಪ್ರಯಾಣದ ವಿಚಾರ. ಶಾಲೆಗಳ ಬೇಸಿಗೆ ರಜೆಯಾದ ಜುಲೈ, ಆಗಸ್ಟ್‌ಗಳಲ್ಲಿ ನಂದಿಯ ಮೇಲೆ ಮಂಜು ಕವಿದಿರುತ್ತದೆ. ವೈನ್ ದ್ರಾಕ್ಷಿಯ ಬಳ್ಳಿಗಳು ಹಸಿರಾಗಿರುತ್ತವೆ, ಹಣ್ಣು ಇರುವುದಿಲ್ಲ. ಹಣ್ಣು ಕೊಯ್ಯುವುದನ್ನೂ ಹಿಂಡುವುದನ್ನೂ ಕಾಣಬೇಕಾದರೆ ಮಾರ್ಚ್, ಏಪ್ರಿಲ್‌ನ ವಸಂತದ ರಜೆಯೇ ಸರಿ. ಬೆಟ್ಟಕ್ಕೆ ಶನಿವಾರ, ಭಾನುವಾರ ಹೋಗಬೇಡಿ. ವಾಹನಗಳ ಸಾಲಿನಲ್ಲಿಯೇ ಬೆಳಗು ಕಳೆದುಹೋಗುತ್ತದೆ.

ಬೆಂಗಳೂರಿನಿಂದ ನಂದಿಗೆ ಸುಮಾರು 60 ಕಿಲೋಮೀಟರ್. ವಿಮಾನ ನಿಲ್ದಾಣದಿಂದ ಸುಮಾರು ಅದರ ಅರ್ಧ. ಒಂದು ದಿನದ ಪ್ರವಾಸವನ್ನು ಹೀಗೆ ಹಾಕಿಕೊಳ್ಳಬಹುದು. ನಸುಕಿನಲ್ಲಿ ಹೊರಟು ಮೊದಲು ಬೆಟ್ಟ, ಕೋಟೆಯ ಗೋಡೆ, ಯೋಗನಂದಿ. ಬಿಸಿಲೇರುವ ಮುನ್ನ ಕೆಳಗಿಳಿದು ಭೋಗನಂದೀಶ್ವರನ ದರ್ಶನ, ಕಲ್ಯಾಣಿಯ ಬಳಿ ಬುತ್ತಿಯೂಟ. ಮಧ್ಯಾಹ್ನ ದೊಡ್ಡಬಳ್ಳಾಪುರ ಮತ್ತು ದೇವನಹಳ್ಳಿಯ ನಡುವಿನ ರಸ್ತೆಯ ದ್ರಾಕ್ಷಿತೋಟ. ಅಲ್ಲಿ ವೀಕ್ಷಣೆಗೆ ಮೊದಲೇ ದೂರವಾಣಿ ಮಾಡಿ ವೇಳೆಯನ್ನು ಗೊತ್ತುಮಾಡಿಕೊಳ್ಳುವುದು ಅಗತ್ಯ. ಹಿರಿಯರಲ್ಲಿ ರುಚಿ ನೋಡುವವರಿದ್ದರೆ ಗಾಡಿ ನಡೆಸುವವರು ಬೇರೆಯವರಾಗಿರಲಿ. ರುಚಿ ನೋಡದವರಿಗೂ ಅಲ್ಲಿ ಕಲಿಯುವುದಿದೆ: ಹಣ್ಣಿನ ಸಕ್ಕರೆಯನ್ನು ಕಣ್ಣಿಗೆ ಕಾಣದ ಕಿಣ್ವಜೀವಿ ಮದ್ಯವಾಗಿ ಮಾರ್ಪಡಿಸುವ ಬಗೆ, ಕೆಂಪು ಬಣ್ಣ ರಸದಿಂದಲ್ಲದೆ ಸಿಪ್ಪೆಯಿಂದ ಬರುವ ಕಾರಣ, ಇವು ಯಾವ ಪಾಠಪುಸ್ತಕಕ್ಕಿಂತಲೂ ಚೆನ್ನಾಗಿ ಮಕ್ಕಳ ಮನಸ್ಸಿನಲ್ಲಿ ನಿಲ್ಲುತ್ತವೆ. ಸಂಜೆಗೆ 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ, ಮುಂದೆ ಕಲ್ಲಿನಲ್ಲಿ ಪುನರ್ನಿರ್ಮಾಣವಾದ, ಟಿಪ್ಪುವಿನ ಜನ್ಮಸ್ಥಳವೂ ಆದ ದೇವನಹಳ್ಳಿಯ ಕೋಟೆ. ಹಿಂದಿರುಗುವಾಗ ಪೆಟ್ಟಿಗೆಯಲ್ಲಿ ಸೀಸೆಗಿಂತ ಒಣದ್ರಾಕ್ಷಿಯ ಪೊಟ್ಟಣ ಇಡುವುದು ಲೇಸು. ಶಾರ್ಜಾದಲ್ಲಿ ಮದ್ಯಕ್ಕೆ ನಿಷೇಧವಿರುವುದನ್ನು ನೆನಪಿನಲ್ಲಿಡಬೇಕು.

ಕಾಯುವವರು ಯಾರು?

ಕೊನೆಯದಾಗಿ ಒಂದು ಮಾತು. ಇದನ್ನು ಅತಿಥಿಯಾಗಿ ಬಂದವನು ಹೇಳಬಹುದೋ ಇಲ್ಲವೋ ತಿಳಿಯದು. ಹೇಳದಿದ್ದರೆ ಉಪನ್ಯಾಸ ಅಪೂರ್ಣವಾಗುತ್ತದೆ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾಯಿತು. ಅದು ನಿಂತಿರುವುದು ಸುಮಾರು 4,000 ಎಕರೆ ನೆಲದ ಮೇಲೆ. ನಿಮ್ಮನ್ನು ತಾಯ್ನಾಡಿಗೆ ಮುಟ್ಟಿಸುವ ಆ ನಿಲ್ದಾಣ ಬೇಡವಾಗಿತ್ತೆಂದು ಯಾರೂ ಹೇಳರು. ಆದರೆ ಅದರ ಸುತ್ತ ನೆಲದ ಬೆಲೆ ಏರಿದಂತೆ ದ್ರಾಕ್ಷಿಯ ಚಪ್ಪರದ ಕಲ್ಲುಕಂಬಗಳು ಕಿತ್ತು, ಅದೇ ಜಾಗದಲ್ಲಿ ನಿವೇಶನಗಳ ಗುರುತಿನ ಕಲ್ಲುಗಳು ನಿಂತವು. ಕೊಳವೆ ಬಾವಿಗಳು ಸಾವಿರ ಅಡಿಗೂ ಕೆಳಗಿಳಿದವು. ಅರ್ಕಾವತಿ ತನ್ನ ತವರಿನಲ್ಲಿಯೇ ವರ್ಷದ ಬಹುಭಾಗ ಒಣಗಿರುತ್ತದೆ. ದೇವನಹಳ್ಳಿಯ ಹೆಸರಿನಲ್ಲಿಯೇ ಭೌಗೋಳಿಕ ಸೂಚಕವಿರುವ ಚಕ್ಕೋತದ ಮರಗಳನ್ನು ಈಗ ಹುಡುಕಬೇಕಾಗಿದೆ. 2022ರಲ್ಲಿ ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳ ರೈತರು, ಕೈಗಾರಿಕಾ ಉದ್ಯಾನಕ್ಕಾಗಿ ತಮ್ಮ 1,777 ಎಕರೆ ಭೂಮಿಯ ಸ್ವಾಧೀನವನ್ನು ವಿರೋಧಿಸಿ ಧರಣಿ ಕುಳಿತರು. ಮೂರು ವರ್ಷಗಳಿಗೂ ಹೆಚ್ಚು ಕಾಲ ಅವರು ಎದ್ದೇಳಲಿಲ್ಲ. 2025ರ ಜುಲೈ 15ರಂದು ಸರ್ಕಾರ ಸ್ವಾಧೀನವನ್ನು ಕೈಬಿಟ್ಟು, ಇಚ್ಛೆಯಿಂದ ಕೊಡುವವರ ಭೂಮಿಯನ್ನು ಮಾತ್ರ ಪಡೆಯುವುದಾಗಿ ಘೋಷಿಸಿತು. 1791ರ ಮುತ್ತಿಗೆ ಮೂರು ವಾರಗಳಲ್ಲಿ ಮುಗಿದಿತ್ತು. ಇವರು ತಡೆದುನಿಂತ ಮುತ್ತಿಗೆ ಮೂರು ವರ್ಷಗಳದು. ಅವರಿಗೆ ಕೋಟೆಯೂ ಇರಲಿಲ್ಲ.

ಆ ಸೀಮೆಯ ನಿವೇಶನಗಳನ್ನು ಕೊಳ್ಳುವವರು ಯಾರು? ಬೆಂಗಳೂರಿನ ಕಟ್ಟಡ ಕಂಪನಿಗಳು ದುಬೈಗೇ ಬಂದು ವಸ್ತುಪ್ರದರ್ಶನ ಏರ್ಪಡಿಸಿ, ಬಣ್ಣದ ನಕ್ಷೆಗಳನ್ನು ಹಂಚಿ ಹೋಗುತ್ತವೆ. ಮರಳುಗಾಡಿನ ಬಿಸಿಲಿನಲ್ಲಿ ದುಡಿದ ಹಣವನ್ನು ತಾಯ್ನಾಡಿನ ಒಂದು ತುಂಡು ನೆಲದಲ್ಲಿ ಇಡಬೇಕೆಂಬ ಆಸೆ ಸಹಜವಾದದ್ದು. ಅದನ್ನು ನಾನು ದೂರುವುದಿಲ್ಲ. ಆದರೆ ನಕ್ಷೆಯಲ್ಲಿ ಚೌಕವಾಗಿ ಕಾಣುವ ಆ ನೆಲದಲ್ಲಿ ನಿನ್ನೆ ಏನಿತ್ತೆಂದು ಕೇಳುವುದು ಕೊಳ್ಳುವವರ ಕರ್ತವ್ಯ. ಅಲ್ಲಿ ಕೆರೆ ಇತ್ತೇ, ಚಪ್ಪರವಿತ್ತೇ? ಮಾರಿದವನು ಮನಸ್ಸಿಟ್ಟು ಮಾರಿದನೇ? ಅದನ್ನು ಕಣ್ಣಾರೆ ಕಾಣದೆ ರುಜು ಹಾಕಬೇಡಿ. ಈ ಪ್ರವಾಸವನ್ನು ನಾನು ಶಿಫಾರಸು ಮಾಡುವುದಕ್ಕೆ ಇದೂ ಒಂದು ಕಾರಣ.

ಅಲ್ ಐನ್‌ನಲ್ಲಿ ತೈಲದ ಸಿರಿ ಬಂದ ಮೇಲೂ ಖರ್ಜೂರದ ತೋಟವನ್ನು ಊರಿನ ನಡುವೆ ಉಳಿಸಿಕೊಂಡರು. ಅಲ್ಲಿ ಇಂದಿಗೂ ಫಲಜ್‌ನ ಕಾಲುವೆಯ ಪಕ್ಕದಲ್ಲಿ ನಡೆದಾಡಬಹುದು. ಆ ನಾಡಿನ ಅನ್ನ ಉಣ್ಣುತ್ತಿರುವ ನಾವು ಅದರಿಂದ ಕಲಿಯಬೇಕಾದದ್ದು ಇದು. ಮುಂದಿನ ರಜೆಗೆ ಹೋದಾಗ ಮಕ್ಕಳನ್ನು ನಂದಿಯ ಕೋಟೆಯ ಗೋಡೆಯ ಬಳಿ ನಿಲ್ಲಿಸಿ, ಕೆಳಗಿನ ಬಯಲಿನಲ್ಲಿ ಇನ್ನೂ ಉಳಿದಿರುವ ಚಪ್ಪರಗಳನ್ನು ಎಣಿಸಲು ಹೇಳಿ. ಹತ್ತು ವರ್ಷಗಳ ನಂತರ ಅವರು ತಾವಾಗಿಯೇ ಬಂದು ಮತ್ತೊಮ್ಮೆ ಎಣಿಸಲಿ. ಆ ಎರಡನೆಯ ಲೆಕ್ಕ ಮೊದಲನೆಯದಕ್ಕಿಂತ ಕಡಿಮೆಯಾಗದಿರಲಿ ಎಂಬುದೇ ನನ್ನ ಹಾರೈಕೆ.